ಜುಟ್ಟಿನ ಮೀನಿನ ಸಾವಿಗೆ ನಾನು ಬರೆದ ಕಾರಣ

೨೦೨೨ನೆಯ ಇಸವಿ. ಆಗ ನನಗೆ ಐವತ್ತಮೂರು ವರ್ಷ. ಮಿರಜಿನ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಇಪ್ಪತ್ತೇಳು ವರ್ಷ ಭಾಷೆ ಕಲಿಸಿ, ತರಗತಿಯಲ್ಲಿ ಮಕ್ಕಳಿಗಿಂತ ಬೆಂಚುಗಳೇ ಹೆಚ್ಚಾದ ಮೇಲೆ ಸ್ವಯಂನಿವೃತ್ತಿ ಪಡೆದಿದ್ದೆ. ಸಾಂಗ್ಲಿ, ಮಿರಜುಗಳ ನಡುವಿನ ವಿಶ್ರಾಮಬಾಗದ ಎರಡನೆಯ ಮಹಡಿಯ ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಇಬ್ಬರೇ. ಆ ವರ್ಷ ನಾನು ಆಕೆಗೆ ಒಂದು ಅನ್ಯಾಯ ಮಾಡಿದೆ. ಕೈಯೆತ್ತಿದ್ದಲ್ಲ, ಕೂಗಾಡಿದ್ದೂ ಅಲ್ಲ. ಸಮಾಧಾನವಾಗಿ ಕುಳಿತು, ದುಂಡಗಿನ ಅಕ್ಷರದಲ್ಲಿ ಬರೆದು ಮಾಡಿದ ಅನ್ಯಾಯ.

ಜನವರಿಯಲ್ಲಿ ಆಕೆಯ ಬಲ ಮೊಳಕಾಲಿಗೆ ಮಿರಜಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಸಮುದ್ರದ ಮೀನುಗಳ ಗಾಜಿನ ತೊಟ್ಟಿಯೊಂದಿತ್ತು. ಸರದಿಗಾಗಿ ಕಾಯುವಾಗಲೆಲ್ಲ ಆಕೆ ಕುರ್ಚಿಯನ್ನು ಅತ್ತ ತಿರುಗಿಸಿಕೊಂಡು ಕೂರುತ್ತಿದ್ದಳು. ಒಳಗಿನಿಂದ ಹೆಸರು ಕರೆದರೂ ಏಳುತ್ತಿರಲಿಲ್ಲ. ಮೂರು ತಿಂಗಳು ಹೆಚ್ಚು ಓಡಾಡಬಾರದೆಂದು ವೈದ್ಯರು ಹೇಳಿದ ದಿನ, ರಿಕ್ಷಾದಲ್ಲಿ ಮನೆಗೆ ಬರುತ್ತ ಆಕೆ ಕೇಳಿದಳು:

“ಏನ್ರಿ, ನಮ್ಮ ಮನ್ಯಾಗೂ ಅಂಥಾದ್ದೊಂದು ಇಡಾಕ ಬರ್ತೈತೇನು? ಬರೇ ಗ್ವಾಡಿ ನೋಡಕೋತ ಎಷ್ಟಂತ ಕುಂದ್ರಲಿ?”

ನಾನು ಒಪ್ಪಿದೆ. ಒಪ್ಪಿದ್ದಷ್ಟೇ ಅಲ್ಲ, ಅದನ್ನು ನನ್ನ ಕೆಲಸವನ್ನಾಗಿ ಮಾಡಿಕೊಂಡೆ. ಶಾಲೆ ಬಿಟ್ಟ ಮೇಲೆ ನನ್ನ ಕ್ರಮಬದ್ಧತೆಗೆ ಕೆಲಸವೇ ಇರಲಿಲ್ಲ. ಮೂರಡಿಯ ತೊಟ್ಟಿ ತರಿಸಿದೆ. ಶುದ್ಧೀಕರಿಸಿದ ನೀರಿಗೆ ಪೊಟ್ಟಣದ ಸಮುದ್ರದುಪ್ಪು ಬೆರೆಸಿ, ಕಲ್ಲುಗಳನ್ನು ಜೋಡಿಸಿ, ನೀರು ಹದಕ್ಕೆ ಬರಲೆಂದು ಒಂದೂವರೆ ತಿಂಗಳು ಒಂದು ಮೀನನ್ನೂ ಬಿಡದೆ ಕಾದೆ. ದಿನಕ್ಕೆರಡು ಸಲ ನೀರಿನ ಉಪ್ಪನ್ನೂ ಶಾಖವನ್ನೂ ಅಳೆದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಅದೇ ಪುಸ್ತಕದ ನಡುವಿನ ಎರಡು ಪುಟಗಳಲ್ಲಿ, ಯಾವ ಮೀನು ಯಾವುದರೊಡನೆ ಹೊಂದಿಕೊಂಡು ಬಾಳುತ್ತದೆ ಎಂಬುದರ ಕೋಷ್ಟಕ ಹಾಕಿದೆ. ಹೊಂದುವವಕ್ಕೆ ನೀಲಿ ಗುರುತು, ಹೊಂದದವಕ್ಕೆ ಕೆಂಪು.

ಹೆಂಡತಿ ಅದನ್ನು ಇಣುಕಿ ನೋಡಿ ನಕ್ಕಳು. “ಲಗ್ನಕ್ಕ ಗುಣ ಕೂಡಸಿದಂಗ ಮೀನಿಂದೂ ಕೂಡಸಾಕ್ಹತ್ತೀರಲ್ಲ! ನಮ್ಮವು ಎಷ್ಟ ಕೂಡಿದ್ದುವು, ನೆನಪೈತೇನು?”

“ಮೂವತ್ತಾರಕ್ಕೆ ಹದಿನೆಂಟು.”

“ಜಸ್ಟ್ ಪಾಸ್. ಅದಕ್ಕ ಹಿಂಗ.”

ಮೀನಿನ ಅಂಗಡಿ ಸಾಂಗ್ಲಿಯಲ್ಲಿತ್ತು. ಅದರ ಮಾಲೀಕ ನನ್ನ ಹಳೆಯ ವಿದ್ಯಾರ್ಥಿ. ಈಗ ಮೂವತ್ತೈದು ದಾಟಿದ, ಹೊಟ್ಟೆ ಬಂದ ಗೃಹಸ್ಥ. ಶಾಲೆಯಲ್ಲಿ ಆತ ಯಾವ ಪ್ರಶ್ನೆಗೂ ಪೂರ್ಣವಾಕ್ಯದಲ್ಲಿ ಉತ್ತರ ಕೊಟ್ಟವನಲ್ಲ. ಅನೇಕ ಸಲ ಅವನನ್ನು ತರಗತಿಯ ಹೊರಗೆ ನಿಲ್ಲಿಸಿದ್ದೆ. ಅಂಥವನು ನನಗೆ ಪಾಠ ಹೇಳತೊಡಗಿದಾಗ ನನ್ನ ಕಿವಿ ಅರ್ಧ ಮುಚ್ಚಿಕೊಂಡಿತೆಂದು ಈಗ ಒಪ್ಪಿಕೊಳ್ಳಬೇಕು.

“ಸರ್, ಮೊದಲ ಗರೀಬ ಮೀನ ಬಿಡ್ರಿ,” ಎಂದ ಆತ. “ಈ ನೀಲಿದು ಐತೆಲ್ಲ, ಇದು ದಾದಾ. ಇದನ್ನ ಬಿಡೂದಾದ್ರ ಎಲ್ಲಾದರ ಆಮ್ಯಾಲೆ ಬಿಡ್ರಿ. ಯಾವುದು ಮೊದಲ ಬರ್ತೈತಿ, ಅದು ಇಡೀ ಮನಿ ನಂದs ಅಂತೈತಿ.”

“ಗಟ್ಟಿಮುಟ್ಟಾದ ಮೀನನ್ನು ಮೊದಲು ಬಿಟ್ಟು ನೀರನ್ನು ಪರೀಕ್ಷಿಸಬೇಕು ಎಂದು ನಾನು ಓದಿದ್ದೇನೆ.”

“ಅದು ಹಳೇ ಪದ್ಧತ್ರಿ ಸರ್. ನೀರ ಪಾಸ್ ಅಕ್ಕೈತಿ, ಮುಂದ ಬಂದಾವು ಫೇಲ್ ಅಕ್ಕಾವು.”

ನನ್ನ ಕೋಷ್ಟಕದಲ್ಲಿ ಯಾವ ಮೀನು ಯಾವುದರೊಡನೆ ಎಂಬುದಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಒಂದು ಅಂಕಣವೂ ಇರಲಿಲ್ಲ. ಅದು ಗಮನಕ್ಕೆ ಬಂದರೂ ಅಂಕಣ ಸೇರಿಸಲಿಲ್ಲ. ಅವನ ಮಾತಿನ ಮೇಲೆ ನನ್ನ ಪುಟವನ್ನು ತಿದ್ದುವುದು ನನಗೆ ಸೇರಲಿಲ್ಲ.

ಏಪ್ರಿಲ್ ಎರಡರಂದು ಯುಗಾದಿ, ಇಲ್ಲಿಯವರ ಗುಡಿಪಾಡವಾ ಬಂತು. ನಮ್ಮ ಕಡೆ ಆ ದಿನ ಏನಾದರೊಂದು ಹೊಸದು ಮನೆಗೆ ಬರಲೇಬೇಕು. ಬಂಗಾರ ಬರದಿದ್ದರೆ ಬಕೆಟ್ಟಾದರೂ ಬರಬೇಕು. ಆ ಮುಹೂರ್ತಕ್ಕೇ ತೊಟ್ಟಿಗೆ ಜೀವ ಬರಲೆಂದು ನಾನು ಹಟ ಹಿಡಿದೆ. ಆಸ್ಪತ್ರೆಯ ತೊಟ್ಟಿಯಲ್ಲಿ ನೋಡಿ ಹೆಂಡತಿ ಮೆಚ್ಚಿದ್ದ ಜಾತಿಯ ಮೀನು ಅಂಗಡಿಗೆ ಹಿಂದಿನ ದಿನವಷ್ಟೇ ಬಂದಿತ್ತು. ಅದು ಪ್ರಯಾಣದ ದಣಿವಿನಿಂದ ಚೇತರಿಸಿಕೊಂಡು ತಿನ್ನತೊಡಗುವವರೆಗೆ ಮಾರುವುದಿಲ್ಲವೆಂದು ಆತ ಖಡಾಖಂಡಿತವಾಗಿ ಹೇಳಿದ. ಚುರುಕಾಗಿದ್ದದ್ದು ಆ ನೀಲಿ ಮೀನೊಂದೇ. “ಪಾಡವ್ಯಾಕ ಬರಿಗೈಲೆ ಹೋಗಬಾರದು,” ಎಂದು ಅವನ ಭಾಷೆಯಲ್ಲೇ ಹೇಳಿ ಅದನ್ನು ಚೀಲದಲ್ಲಿ ತುಂಬಿಸಿಕೊಂಡು ಬಂದೆ. ಬಾಗಿಲಲ್ಲಿ ಹಬ್ಬದ ಗುಡಿಕೋಲು ಕಟ್ಟಿತ್ತು. ನೀಲಿ ಮೀನು ಒಂದು ತಾಸಿನಲ್ಲಿ ಎಲ್ಲ ಕಲ್ಲುಗಳನ್ನೂ ಸುತ್ತಿ ನೋಡಿತು.

ಎರಡು ವಾರದ ಮೇಲೆ ಬಿಳಿ ಪಟ್ಟೆಯ ಕಿತ್ತಳೆ ಬಣ್ಣದ ಜೋಡಿಯೂ, ಹೆಂಡತಿಯ ಮೀನೂ ಬಂದವು. ಅವಳ ಮೀನು ಬೆರಳುದ್ದದ್ದು. ಮುಂಭಾಗ ಹಾಲುಬಿಳಿ, ಬಾಲದ ಕಡೆ ಕೆಂಡ, ಬೆನ್ನ ಮೇಲೆ ನೆಟ್ಟಗೆ ನಿಂತ ಒಂದು ಉದ್ದನೆಯ ಎಳೆ. ಆಕೆ ಅದನ್ನು ಜುಟ್ಟಿನ ಮೀನು ಎಂದಳು. ಅದನ್ನು ಕೊಡುವಾಗ ಅಂಗಡಿಯವ ಎರಡು ಮಾತು ಹೇಳಿದ. ಒಂದು: “ಮ್ಯಾಲೆ ಜಾಳಿ ಹಾಕ್ರಿ ಸರ್, ಇದು ಅಂಜಿದ್ರ ಜಿಗೀತೈತಿ.” ಎರಡು: “ಇದಕ್ಕ ಸಿಗಡಿ ಬೇಕು,” ಎನ್ನುತ್ತ, ಹಿಮಗಟ್ಟಿಸಿದ ಪುಟ್ಟ ಸಿಗಡಿಗಳ ಪೊಟ್ಟಣ ಮುಂದಿಟ್ಟ.

ಸಿಗಡಿಯನ್ನು ನಾನು ಕೈಯಿಂದ ಹಿಂದಕ್ಕೆ ಸರಿಸಿದೆ. ನಮ್ಮದು ಲಿಂಗ ಕಟ್ಟಿದ ಮನೆ. ಪೂಜೆಯ ಹಾಲು ಇಡುವ ಫ್ರಿಜ್ಜಿನಲ್ಲಿ ಅದು ಕೂರುವಂತಿಲ್ಲ. ಮೀನು ಸಾಕುತ್ತೇವೆಂದೇ ಒಂದಿಬ್ಬರು ಬಂಧುಗಳು, “ಏನ್ ಸರ್, ಶುರು ಮಾಡಿದ್ರೇನು?” ಎಂದು ಕಣ್ಣು ಹೊಡೆದಿದ್ದರು. ಪಾಚಿಯಿಂದ ಮಾಡಿದ ಹಸಿರು ಹೊಟ್ಟಿನಂಥ ಒಣ ಆಹಾರ ತಂದೆ. ನಮ್ಮ ಮನೆಗೆ ಬಂದ ಮೀನು ನಮ್ಮ ಮನೆಯ ಪದ್ಧತಿಯನ್ನೇ ಕಲಿಯುತ್ತದೆ ಎಂದು ಹೆಂಡತಿಗೆ ಹೇಳಿದ್ದೂ ನೆನಪಿದೆ. ಜಾಳಿಗೆಯನ್ನೂ ಹಾಕಲಿಲ್ಲ. ನೀರು ಕೆಟ್ಟರೆ ಮೀನು ಹಾರುತ್ತದೆ, ನನ್ನ ನೀರು ಕೆಟ್ಟಿಲ್ಲ ಎಂಬುದು ನನ್ನ ತರ್ಕ.

ಹೆಂಡತಿಯ ಕುರ್ಚಿ ತೊಟ್ಟಿಯ ಮುಂದೆ ಬಂತು. ಕಾಲನ್ನು ಗಿಡ್ಡ ಸ್ಟೂಲಿನ ಮೇಲಿಟ್ಟುಕೊಂಡು ಆಕೆ ಇಡೀ ದಿನ ನೋಡುತ್ತಿದ್ದಳು. ಆದ್ದರಿಂದಲೇ ನಾನು ಅಳೆಯಲಾಗದ್ದು ಅವಳಿಗೆ ಕಾಣುತ್ತಿತ್ತು. “ಈ ನೀಲಿದು ಅದನ್ನ ಹೊರಗ ಬರಾಕs ಬಿಡವಲ್ದು ನೋಡ್ರಿ,” ಎನ್ನುವಳು. “ನಿಮ್ಮ ಹಸರ ಪುಡಿ ಅದು ಉಣವಲ್ದು. ಬಾಯಾಗ ತಗೊಂಡು ಉಗಳತೈತಿ.” ಹೊಂದಿಕೊಳ್ಳಲು ಸಮಯ ಬೇಕು ಎಂದು ನಾನು ಉತ್ತರಿಸುತ್ತಿದ್ದೆ. ಕೋಷ್ಟಕದಲ್ಲಿ ಆ ಎರಡರ ನಡುವೆ ನೀಲಿ ಗುರುತೇ ಇತ್ತು. ನೀಲಿ ಮೀನನ್ನು ಕೊಂಡು ಬಂದ ದಿನ ಕೆಂಪನ್ನು ಅಳಿಸಿ ನಾನೇ ಹಾಕಿದ್ದು.

ಮೇ ತಿಂಗಳ ಆರಂಭದಲ್ಲಿ ಜುಟ್ಟಿನ ಮೀನು ಸ್ವಲ್ಪ ತುಂಬಿಕೊಂಡಿತು. ಬೆಳಗಿನ ಹೊತ್ತು ಕಲ್ಲಿನ ಸಂದಿಯಿಂದ ಹೊರಬಂದು ಜುಟ್ಟು ಆಡಿಸುತ್ತ ನಿಲ್ಲುತ್ತಿತ್ತು. ನನ್ನ ಹಸಿರು ಆಹಾರವೇ ಫಲಿಸಿತೆಂದು ಪುಸ್ತಕದಲ್ಲಿ ಬರೆದೆ.

ಮೇ ಎರಡನೆಯ ವಾರದ ಒಂದು ಸಂಜೆ, ನೀಲಿ ಮೀನು ಅದನ್ನು ತೊಟ್ಟಿಯ ಮೇಲಿನ ಮೂಲೆಗೆ ಒತ್ತರಿಸಿ ನಿಲ್ಲಿಸಿದ್ದನ್ನು ನಾನು ನೋಡಿದೆ. ರೆಕ್ಕೆಯ ಅಂಚು ಹರಿದಿತ್ತು. ಏನೂ ಮಾಡಲಿಲ್ಲ. ಮರುದಿನ ಬೆಳಗ್ಗೆ ಆರಕ್ಕೆ ಎದ್ದು ನೀರು ಅಳೆಯಲು ಹೋದಾಗ, ತೊಟ್ಟಿಯ ಕಪಾಟಿನ ಹಿಂದೆ ನೆಲದ ಮೇಲೆ ಅದು ಬಿದ್ದಿತ್ತು. ಒಣಗಿ ಕಡ್ಡಿಯಾಗಿತ್ತು.

ಕಾರಣ ತಿಳಿಯಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಮೊದಲು ಬಿಡಬಾರದ್ದನ್ನು ಮೊದಲು ಬಿಟ್ಟವನು ನಾನು. ಜಾಳಿಗೆ ಹಾಕದವನು ನಾನು. ಅದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಎಂಟು ಗಂಟೆಗೆ ಕಸ ಒಯ್ಯಲು ಬಂದ ಘಂಟಾಗಾಡಿಗೆ, ಕಾಯಿಪಲ್ಯದ ಸಿಪ್ಪೆಯೊಂದಿಗೆ ಸುರಿದು ಬಂದೆ. ಹೆಂಡತಿ ಎದ್ದು, “ನಮ್ಮ ಜುಟ್ಟು ಎಲ್ಲಿ?” ಎಂದಾಗ, “ಕಲ್ಲಿನ ಸಂದಿಯಲ್ಲಿರಬೇಕು,” ಎಂದೆ.

ಎರಡು ದಿನ ಆಕೆ ಬ್ಯಾಟರಿ ಹಿಡಿದು, ನೋಯುವ ಮೊಳಕಾಲನ್ನು ಹೇಗೋ ಮಡಿಸಿ, ಪ್ರತಿಯೊಂದು ಕಲ್ಲಿನ ಕೆಳಗೂ ಹುಡುಕಿದಳು. ನಾನು ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದೆ.

ಮೂರನೆಯ ದಿನ ಆಕೆ ಎದುರುಮನೆಯಿಂದ ಸೆರಗಿನಡಿ ಒಂದು ಬಟ್ಟಲು ಹಿಡಿದು ಬರುವುದನ್ನು ಕಂಡೆ. ಒಳಗೆ ಕರಗುತ್ತಿರುವ ಗುಲಾಬಿ ಬಣ್ಣದ ಸಿಗಡಿ. ಕೇಳಿದಾಗ ಆಕೆ ಮುಚ್ಚಿಡಲಿಲ್ಲ. ಮೀನು ಉಪವಾಸ ಸಾಯುವುದನ್ನು ನೋಡಲಾರದೆ ಅಂಗಡಿಯವನಿಗೆ ಫೋನು ಮಾಡಿದ್ದಳು. ಆತ ಪೊಟ್ಟಣ ಕಳಿಸಿದ್ದ. ನಮ್ಮ ಫ್ರಿಜ್ಜಿಗೆ ಬಾರದ್ದನ್ನು ಎದುರುಮನೆಯಾಕೆಯ ಫ್ರಿಜ್ಜಿನಲ್ಲಿಟ್ಟು, ನಾನು ಸಂಜೆ ತಿರುಗಾಡಲು ಹೋದಾಗ ಚಮಚದಿಂದ ತಿನ್ನಿಸುತ್ತಿದ್ದಳು. ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟದ ಹೆಂಗಸು. ಜುಟ್ಟಿನ ಮೀನು ತುಂಬಿಕೊಂಡದ್ದು ಅದರಿಂದ.

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಆದರೆ ನನ್ನ ಬಾಯಿಂದ ಬಂದದ್ದು ಬೇರೆ.

“ಇದಕ್ಕೇ ನೀರು ಕೆಟ್ಟದ್ದು. ಇದಕ್ಕೇ ಅದು ಸತ್ತದ್ದು.”

“ಸತ್ತದೇನ್ರಿ?”

“ಸಂದಿಯಲ್ಲಿ ಸತ್ತು ಕರಗಿರಬೇಕು. ಕೊಳೆತ ಮಾಂಸ ನೀರಿಗೆ ಬಿದ್ದರೆ ಇನ್ನೇನಾಗುತ್ತದೆ?”

ಆಕೆ ಬಟ್ಟಲನ್ನು ನೋಡಿದಳು, ತನ್ನ ಕೈಯನ್ನು ನೋಡಿದಳು. “ನನ್ನ ಕೈಲೇ ಆತಂತೀರಿ?” ಎಂದಳು. ನಾನು ಅಲ್ಲ ಎನ್ನಲಿಲ್ಲ. ಅಂದು ಬೆಳಗ್ಗೆ ಅಳೆದ ನೀರಿನಲ್ಲಿ ಒಂದು ದೋಷವೂ ಇರಲಿಲ್ಲ. ಆದರೂ ಕುಳಿತು ಬರೆದೆ: ‘ಮಾಂಸಾಹಾರದಿಂದ ನೀರು ಕಲುಷಿತವಾಗಿ ಜುಟ್ಟಿನ ಮೀನು ಮೃತಪಟ್ಟಿತು.’ ಅಷ್ಟಕ್ಕೂ ಬಿಡದೆ, ‘ಅನುಮತಿಯಿಲ್ಲದೆ ಆಹಾರ ಹಾಕಕೂಡದು’ ಎಂದು ಹಲಗೆಯ ಮೇಲೆ ಬರೆದು ತೊಟ್ಟಿಗೆ ತೂಗುಹಾಕಿದೆ. ಇಬ್ಬರೇ ಇರುವ ಮನೆಯಲ್ಲಿ ಆ ಸೂಚನೆ ಯಾರಿಗೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಅದೇ ಸಂಜೆ ಎಂದಿನಂತೆ ಹೊಟ್ಟೆ ತುಂಬ ಊಟ ಮಾಡಿದೆ. ಅಂದಿನಿಂದ ತೊಟ್ಟಿಯ ಮೇಲೆ ಜಾಳಿಗೆಯೂ ಬಂತು, ಮುನ್ನೆಚ್ಚರಿಕೆ ಎಂದೆ.

ಆಕೆ ಸ್ನಾನ ಮಾಡಿ ಲಿಂಗಪೂಜೆಗೆ ಕುಳಿತವಳು ಬಹಳ ಹೊತ್ತು ಏಳಲಿಲ್ಲ. ಮರುವಾರದಿಂದ ಪ್ರತಿ ಸೋಮವಾರ ಸೂರ್ಯ ಮುಳುಗುವವರೆಗೆ ಏನೂ ತಿನ್ನುವುದಿಲ್ಲವೆಂದು ನೇಮ ಹಿಡಿದಳು. ಜೀವಹತ್ಯೆಯ ಪ್ರಾಯಶ್ಚಿತ್ತ. ಮೊಳಕಾಲಿನ ಮಾತ್ರೆಗಳನ್ನು ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳಬಾರದು. ಸೋಮವಾರ ಅವನ್ನೂ ಬಿಟ್ಟಳು, ಮಂಗಳವಾರ ಗೋಡೆ ಹಿಡಿದು ನಡೆದಳು. ಕುರ್ಚಿಯನ್ನು ಅಡಿಗೆಮನೆಯ ಕಿಟಕಿಗೆ ಒಯ್ದಳು. ಹಜಾರ ದಾಟುವಾಗ ತೊಟ್ಟಿಯ ಕಡೆ ಮುಖ ತಿರುಗಿಸುತ್ತಿರಲಿಲ್ಲ. ಹನ್ನೊಂದು ಸೋಮವಾರ ಹೀಗೆ ಕಳೆದವು; ಹನ್ನೊಂದನ್ನೂ ನಾನು ಎಣಿಸಿದ್ದೇನೆ. ಪ್ರತಿ ಸೋಮವಾರ ಹೇಳಬೇಕೆಂದುಕೊಂಡು, ಮಧ್ಯಾಹ್ನ ಆಕೆ ಬಡಿಸಿದ್ದನ್ನು ಉಂಡು, ಮುಂದಿನ ವಾರಕ್ಕೆ ಹಾಕುತ್ತಿದ್ದೆ. ತಪ್ಪು ಮಾಡಿದ ಹುಡುಗನನ್ನು ನಾನು ಶಾಲೆಯಲ್ಲಿ ಕ್ಷಮಿಸಿದ್ದುಂಟು. ತಪ್ಪನ್ನು ಪಕ್ಕದವನ ಮೇಲೆ ಹಾಕಿದವನನ್ನು ಎಂದೂ ಕ್ಷಮಿಸಿದವನಲ್ಲ.

ಜುಲೈ ಇಪ್ಪತ್ತೆಂಟು, ಗುರುವಾರ, ನಾಗರ ಅಮಾವಾಸ್ಯೆ. ಹತ್ತು ಗಂಟೆಗೆ ಎದುರುಮನೆಯಾಕೆ ಬಾಗಿಲು ತಟ್ಟಿದಳು. ಮನೆಮಾತು ಮರಾಠಿ, ತವರು ಅಥಣಿಯ ಕಡೆಯದಾದ್ದರಿಂದ ಕನ್ನಡ ಚೆನ್ನಾಗಿ ಬಲ್ಲಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ.

“ಸರ್, ಹಿಡೀರಿ ಇದನ್ನ. ಇವತ್ತ ನಮ್ಮದು ಗಟಾರಿ ಅಮಾಸಿ, ಇದ್ದಬಿದ್ದ ಮಾಂಸಾ ಮೀನಾ ಎಲ್ಲಾ ತಿಂದು ಮುಗಸೂದು. ನಾಳಿಂದ ಶ್ರಾವಣ, ಫ್ರಿಜ್ ತೊಳ್ಯಾಕ್ಹತ್ತೇನಿ. ನಿಮ್ಮ ಸಿಗಡಿ ಉಳದಾವು. ಇವನ್ನ ನಾ ತಿನ್ನಾಕೂ ಬರೂದಿಲ್ಲ, ಭಾಳ ಸಣ್ಣವು.”

ನಾನು ಹಿಡಿದುಕೊಂಡೆ. ಆಕೆ ದನಿ ತಗ್ಗಿಸಿದಳು.

“ನಿಮ್ಮ ಮನಿ ವೈನಿ ಇದರ ಕಡೆ ಬರೂದs ಬಿಟ್ಟಾರ. ಅವತ್ತ ನಮ್ಮ ಪಾವಟಿಗಿ ಮ್ಯಾಲೆ ಕುಂತು ಅರ್ಧಾ ತಾಸು ಅತ್ತರು, ‘ನಾ ಜೀವಾ ಕೊಂದೆ’ ಅಂತ. ಅಲ್ರಿ ಸರ್, ನಾವು ವಾರಕ್ಕ ಮೂರು ದಿನಾ ತಿಂತೀವಿ, ನಮಗ ಏನೂ ಆಗಿಲ್ಲ. ಮೀನ ಸಿಗಡಿ ತಿಂದ್ರ ನಿಮ್ಮ ಮನಿಗೆ ಹೆಂಗ್ರಿ ಪಾಪ ಹತ್ತೂದು? ನೀವು ಶ್ಯಾಣ್ಯಾ ಮಂದಿ, ತಿಳಿಸಿ ಹೇಳ್ರಿ ಅವರಿಗೆ.”

ಅವಳು ಅತ್ತದ್ದು ನನಗೆ ಗೊತ್ತಿರಲಿಲ್ಲ. ಬಾಗಿಲು ಮುಚ್ಚಿ ನಿಂತೆ. ಡಬ್ಬಿಯಿಂದ ನೀರು ತೊಟ್ಟಿಕ್ಕಿ ನನ್ನ ಪಾದದ ಮೇಲೆ ಬೀಳುತ್ತಿತ್ತು. ಒಂದೋ ಅದು ಫ್ರಿಜ್ಜಿಗೆ ಹೋಗಬೇಕು, ಇಲ್ಲವೇ ಕಸಕ್ಕೆ. ಇನ್ನೊಂದು ಸಲ ಕಸಕ್ಕೆ ಸುರಿಯುವುದು ನನ್ನಿಂದ ಆಗಲಿಲ್ಲ. ಅಡಿಗೆಮನೆಗೆ ಹೋದೆ. ಆಕೆ ಎತ್ತರದ ಮಣೆಯ ಮೇಲೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು.

“ಅದು ನಿನ್ನ ಕೈಯಿಂದ ಸತ್ತಿಲ್ಲ,” ಎಂದೆ. “ನೀಲಿ ಮೀನಿಗೆ ಹೆದರಿ ಹಾರಿ ಬಿತ್ತು. ಜಾಳಿಗೆ ಇರಲಿಲ್ಲ. ನೆಲದ ಮೇಲೆ ಬಿದ್ದದ್ದನ್ನು ನಾನೇ ಎತ್ತಿದೆ.”

ರೊಟ್ಟಿ ಬಡಿಯುವುದು ನಿಂತಿತು.

“ಯಾವಾಗ?”

“ಅದು ಕಾಣೆಯಾದ ದಿನವೇ. ಬೆಳಗ್ಗೆ ಆರಕ್ಕೆ.”

“ಎಲ್ಲಿ ಒಗದ್ರಿ?”

“ಘಂಟಾಗಾಡಿಗೆ ಹಾಕಿದೆ.”

“ಅಂದ್ರ, ಎರಡ ದಿನಾ ನಾ ಬ್ಯಾಟರಿ ಹಿಡಕೊಂಡು ಹುಡುಕೂ ಮುಂದ ನಿಮಗ ಗೊತ್ತಿತ್ತು. ಬಾಜೂಕ ಕುಂತು ಪೇಪರ್ ಓದಾಕ್ಹತ್ತಿದ್ರಿ.”

“ಹೌದು.”

“ಹನ್ನೊಂದು ಸೋಮವಾರ ನಾ ಉಪಾಸ ಇದ್ದೆ. ನೀವು ಉಂಡ್ರಿ.”

ಆಕೆ ಅಳಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು. ಅದನ್ನು ತೆಗೆದು, ಅಂಚನ್ನು ಕೆರೆದು, ಒಂದು ಕಡೆಗಿಟ್ಟಳು. “ಆ ಡಬ್ಬಿ ಫ್ರಿಜ್ಜಿನ್ಯಾಗ ಇಡ್ರಿ,” ಎಂದಳು.

“ನಾಳೆಯಿಂದ ಶ್ರಾವಣ...”

“ಶ್ರಾವಣ ನಮಗ. ಮೀನಿಗಲ್ಲ. ಹಾಲು ಕೆಳಗ ಸರಸ್ರಿ, ನೀವs ಇಡ್ರಿ. ತಿನ್ನಸೂದೂ ಇನ್ನ ನೀವs. ಮತ್ತ ಎದುರುಮನಿ ವೈನಿ ಮುಂದ ನಾ ಅತ್ತೇನಿ. ಅಕಿ ಮುಂದ ನೀವs ಹೋಗಿ ಹೇಳ್ರಿ.”

ಶುಕ್ರವಾರ ಬೆಳಗ್ಗೆ ಎದುರುಮನೆಯ ಹೊಸ್ತಿಲ ಹೊರಗೆ ನಿಂತು ಎಲ್ಲವನ್ನೂ ಹೇಳಿದೆ. ಆಕೆ ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು. “ಸರ್, ಹಿಂಗ ಮಾಡಿದ ಪೋರಗೋಳಿಗೆ ಶಾಳೆಯಾಗ ಏನ್ ಮಾಡ್ತಿದ್ರಿ?”

“ಹೊರಗೆ ನಿಲ್ಲಿಸುತ್ತಿದ್ದೆ.”

“ಛಲೋ ಆತು. ನಿಂತೀರಿ, ನಿಂದರ್ರಿ,” ಎಂದು ಬಾಗಿಲು ಹಾಕಿಕೊಂಡಳು. ಒಳಗಿನಿಂದ ನಗೆ ಕೇಳಿಸಿತು. ನನಗೆ ನಗು ಬರಲಿಲ್ಲ. ನಾನು ನಿಜವಾಗಿಯೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಭಾನುವಾರ ನೀಲಿ ಮೀನನ್ನು ಹಿಡಿಯಬೇಕಾಯಿತು. ಕಲ್ಲುಗಳಿರುವತನಕ ಅದು ಬಲೆಗೆ ಸಿಗುವಂಥದಲ್ಲ. ಫೆಬ್ರವರಿಯಲ್ಲಿ ಒಂದೊಂದಾಗಿ ಜೋಡಿಸಿದ ಕಲ್ಲುಗಳನ್ನೆಲ್ಲ ಹೊರಗೆ ತೆಗೆದು, ಅಂಗಿಯೆಲ್ಲ ಉಪ್ಪುನೀರಾಗಿ, ಎರಡು ತಾಸಿನ ಮೇಲೆ ಹಿಡಿದೆ. ಅಂಗಡಿಯವ ಅದನ್ನು ತಿರುಗಿ ತೆಗೆದುಕೊಂಡ. ಅವನಿಗೂ ನಡೆದದ್ದನ್ನು ಹೇಳಿದೆ. ನೀನು ಹೇಳಿದ್ದೇ ಸರಿಯಾಗಿತ್ತು ಎಂದೆ. ಇಪ್ಪತ್ತು ವರ್ಷಗಳ ಹಿಂದೆ ಅವನಿಗೆ ಆ ಮಾತನ್ನು ನಾನು ಒಂದು ಸಲವೂ ಹೇಳಿರಲಿಲ್ಲ. ಆತ ಗೆದ್ದವನಂತೆ ಮುಖ ಮಾಡಲಿಲ್ಲ. “ಇದರದೇನ್ ತಪ್ಪಿಲ್ಲ ಬಿಡ್ರಿ ಸರ್,” ಎಂದು ಚೀಲವನ್ನು ಬೆಳಕಿಗೆ ಹಿಡಿದು ನೋಡಿದ. “ಮನಿ ಕೊಟ್ರ ಅದು ಕಾಯ್ತೈತಿ.”

ಸೋಮವಾರ, ಶ್ರಾವಣದ ಮೊದಲ ಸೋಮವಾರ. ಇಡೀ ಕಟ್ಟಡದಲ್ಲಿ ಉಪವಾಸ. ಸಾಬೂದಾಣೆ ಹುರಿಯುವ ವಾಸನೆ ಮೆಟ್ಟಿಲುಗಳವರೆಗೂ ಇತ್ತು. ಸ್ನಾನ, ಪೂಜೆ ಮುಗಿಸಿ ನಾನು ಡಬ್ಬಿಯಿಂದ ಒಂದು ತುಂಡು ಸಿಗಡಿ ತೆಗೆದು, ತೊಟ್ಟಿಯ ನೀರಿನ ಬಟ್ಟಲಲ್ಲಿ ಕರಗಿಸಿದೆ. ಬೆರಳುಗಳಿಗೆ ಆ ವಾಸನೆ ಹತ್ತಿತು. ಮೊದಲ ದಿನ ಆಕೆಯ ಕೈಗೂ ಹೀಗೇ ಹತ್ತಿರಬೇಕು; ಆಕೆ ಆ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ. ಕಿತ್ತಳೆ ಜೋಡಿ ಮೇಲೆ ಬಂದು ತಿಂದವು.

ಆಮೇಲೆ ಪುಸ್ತಕ ತೆರೆದು ಮೇ ತಿಂಗಳ ಆ ಸಾಲನ್ನು ಹೊಡೆದುಹಾಕಲು ಹೊರಟೆ. ಆಕೆ ತಡೆದಳು. “ಹೊಡೀಬ್ಯಾಡ್ರಿ. ಅದೂ ಇರ್ಲಿ. ಕೆಳಗ ಖರೇದು ಬರೀರಿ.” ಬರೆದೆ: ನೀಲಿ ಮೀನನ್ನು ಮೊದಲು ಬಿಟ್ಟವನು ನಾನು, ಜಾಳಿಗೆ ಹಾಕದವನು ನಾನು, ಸತ್ತದ್ದನ್ನು ಅಡಗಿಸಿ ಹೆಂಡತಿಯ ಮೇಲೆ ಹಾಕಿದವನು ನಾನು. ಆಕೆ ಚಷ್ಮಾ ಹಾಕಿಕೊಂಡು ಎರಡು ಸಲ ಓದಿದಳು. ತೊಟ್ಟಿಗೆ ತೂಗುಹಾಕಿದ್ದ ಹಲಗೆಯನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಕುರ್ಚಿಯನ್ನು ಎಳೆದುಕೊಂಡು ಬಂದು ತೊಟ್ಟಿಯ ಮುಂದೆ ಹಾಕಿ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಆ ಶ್ರಾವಣ ಸೋಮವಾರದ ನಡುಮಧ್ಯಾಹ್ನ ಜೋಳದ ರೊಟ್ಟಿ, ಝುಣಕ ಉಂಡಳು. ಮಾತ್ರೆಯನ್ನೂ ನುಂಗಿದಳು.

“ನನ್ನ ಸೋಮವಾರ ಮುಗದಾವ್ರಿ,” ಎಂದಳು, ತೊಟ್ಟಿಯಿಂದ ಕಣ್ಣು ತೆಗೆಯದೆ. “ಇನ್ನ ನಿಮ್ಮವು ಹನ್ನೊಂದು.”

ಮೊದಲನೆಯದು ಅಂದೇ ಆರಂಭವಾಯಿತು: ೨೦೨೨ನೆಯ ಇಸವಿ, ಆಗಸ್ಟ್ ಒಂದನೆಯ ತಾರೀಖು, ಸೋಮವಾರ.